ಅದು ಇದರಾಗಿಲ್ರಿ

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುವ ಗಾದೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಉಳಿದವರಿಗೆ ಅದು ಗಾದೆ, ನನಗೆ ದಿನದ ಉದ್ಯೋಗ. ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ನಾನು ಓಣಿ ಬದಲಿಸಿದರೆ ಅವೂ ಓಣಿ ಬದಲಿಸುತ್ತವೆ. ಅದಕ್ಕೆ ನನಗೇನೂ ಬೇಸರವಿಲ್ಲ. ಒದೆ ತಿಂದ ಪ್ರತಿ ಸಲವೂ ನಾನು ಹೇಳಿದ್ದೇ ಖರೆ ಇತ್ತು ಅನ್ನುವುದನ್ನು ಮೊದಲೇ ಬರೆದಿಟ್ಟು ಮುಂದೆ ಹೋಗುತ್ತೇನೆ.

ಊರು ನನಗೆ ಇಟ್ಟ ಹೆಸರು ತಿಕ್ಕಲ ಮಾಸ್ತರ. ಅಕ್ಷರ ಬಲ್ಲೆನೆಂದು ಮಾಸ್ತರ, ತಿಕ್ಕಲ ಅನ್ನಲು ಕಾರಣಗಳು ಬಹಳ ಇಲ್ಲ. ಯಾರಾದರೂ ಕಣ್ಣು ಮಿಟುಕಿಸಿ ಸನ್ನೆ ಮಾಡಿದರೆ ಅವರ ಕಣ್ಣಿಗೆ ಕಸ ಬಿದ್ದಿದೆ ಅಂದುಕೊಳ್ಳುತ್ತೇನೆ. ತಲೆ ಮುಟ್ಟಿದರೆ ಸಹಿಸುವುದಿಲ್ಲ. ಡೊಳ್ಳು ಬಾರಿಸಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತೇನೆ. ಬೇರೆಯವರು ಮುರಿದ ರೊಟ್ಟಿ ತಿನ್ನುವುದಿಲ್ಲ, ನಾನೇ ಮುರಿಯಬೇಕು. ಇಷ್ಟಕ್ಕೆ ನಮ್ಮ ಅವ್ವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕು ಸುತ್ತಿ ತಾಯಿತ ತಂದು ನನ್ನ ತೋಳಿಗೆ ಕಟ್ಟಿದಳು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ, ಅವಳಿಗಿದ್ದವನು ನಾನೊಬ್ಬನೇ. ಯಾವ ತಾಲೂಕಿನ ತಾಯಿತವೂ ನನ್ನನ್ನು ಬದಲಿಸಲಿಲ್ಲ. ತೋಳು ಮಾತ್ರ ಭಾರವಾಯಿತು.

೧. ವಕೀಲರ ಪತ್ರ

ಅದು ನಿಜಾಮರ ಅಮಲಿನ ಕಾಲ. ಶಾಲೆ ಉರ್ದು, ಕಚೇರಿ ಉರ್ದು. ಕನ್ನಡ ಅಕ್ಷರ ಬಲ್ಲವರು ಓಣಿಗೊಬ್ಬರು ಸಿಕ್ಕರೆ ಹೆಚ್ಚು. ನಾನು ಬಲ್ಲವನಾಗಿದ್ದೆ. ಅದಕ್ಕೇ ಯಲಬುರ್ಗಾದ ಒಬ್ಬ ವಕೀಲರು ತಮಗೆ ಬರುವ ಕನ್ನಡ ಪತ್ರಗಳನ್ನು ಓದಿ ಹೇಳಲು ನನ್ನನ್ನು ಇಟ್ಟುಕೊಂಡರು.

ಒಂದು ದಿನ ಅವರ ಪಡಸಾಲೆಯಲ್ಲಿ ಆರೇಳು ಕಕ್ಷಿಗಾರರು ಕೂತಿದ್ದರು. ಹಳ್ಳಿಯ ಗೌಡರೊಬ್ಬರ ಪತ್ರ ಬಂತು. ಆ ಗೌಡರು ವಕೀಲರನ್ನು ಹೊಗಳಿ ಬರೆಯುವುದರಲ್ಲಿ ಹೆಸರಾದವರು.

"ಜೋರಾಗಿ ಓದು. ಕುಂತವ್ರೆಲ್ಲಾ ಕೇಳ್ಲಿ," ಅಂದರು ವಕೀಲರು, ಕಾಲ ಮೇಲೆ ಕಾಲು ಹಾಕಿಕೊಂಡು.

ನಾನು ಜೋರಾಗಿ ಓದಿದೆ. "ವಕೀಲ ಸಾಹೇಬರ ಪಾದಗಳಿಗೆ ಶರಣು. ತಮ್ಮಂಥ ಬುದ್ಧಿವಂತರು ಈ ಸೀಮೆಯಲ್ಲಿಲ್ಲ. ಓದುವವರೇ, ಮುಂದಿನ ಸಾಲು ನಿಮಗೆ ಮಾತ್ರ, ವಕೀಲರ ಮುಂದೆ ಓದಬೇಡಿರಿ. ಈ ಮನುಷ್ಯ ಕಚೇರಿಯಲ್ಲಿ ಬಾಯಿ ಬಿಡುವುದು ವಾದ ಮಾಡಲಿಕ್ಕೋ ಆಕಳಿಸಲಿಕ್ಕೋ ಎಂಬುದನ್ನು ನೋಡಿ ನನಗೆ ಗುಟ್ಟಾಗಿ ಬರೆಯಿರಿ."

ವಕೀಲರು ಕಾಲು ಕೆಳಗಿಳಿಸಿದರು. "ಅಲ್ಲೋ, ಓದಬ್ಯಾಡ ಅಂತ ಬರದಿತ್ತಲ್ಲ?"

"ಹೌದ್ರಿ. ಅದನ್ನೂ ಓದೀನಲ್ರಿ."

ಅವರು ಬಾಗಿಲ ಕಡೆ ಬೆರಳು ತೋರಿಸಿದರು. ನಾನು ಎದ್ದೆ. ಆದರೆ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು ನನ್ನ ಜಾಯಮಾನವಲ್ಲ. ಹೊಸ್ತಿಲಲ್ಲಿ ನಿಂತು ಕೇಳಿದೆ, "ಗೌಡ್ರಿಗೆ ಜವಾಬು ಏನಂತ ಬರೀಲ್ರಿ? ನಾ ಇಲ್ಲೀಮಟ ನೋಡಿದ್ದು ಆಕಳಿಸೂದ."

ಅದೇ ದಿನ ಅವ್ವನನ್ನೂ ಗಂಟುಮೂಟೆಯನ್ನೂ ಕಟ್ಟಿಕೊಂಡು ಕುಷ್ಟಗಿಯ ಬಂಡಿ ಹತ್ತಿದೆ.

೨. ‘ನಾನು’ ಅಂದರೆ ಯಾರು?

ಕುಷ್ಟಗಿಯಲ್ಲಿ ಹತ್ತಿಯ ಸಾವಕಾರರೊಬ್ಬರು ತಮ್ಮ ಗೋದಾಮಿನ ಪಕ್ಕದ ಕೋಣೆಯಲ್ಲಿ ವಾಚನಾಲಯ ತೆರೆದಿದ್ದರು. ಶುಕ್ರವಾರ ಕಚೇರಿಗೆ ಸೂಟಿ. ಆ ಮಧ್ಯಾಹ್ನ ಊಟವಾದ ಮೇಲೆ ಜನ ಅಲ್ಲಿ ಸೇರುತ್ತಿದ್ದರು. ಒಬ್ಬರು ಓದುವುದು, ಉಳಿದವರು ಕೇಳುವುದು. ಓದಲು ನನ್ನನ್ನು ಇಟ್ಟರು. ಆವರೆಗೆ ಅಲ್ಲಿ ಓದಿದ್ದೆಲ್ಲ ಪುರಾಣ. ಪುರಾಣಕ್ಕೆ ಒಂದು ಪದ್ಧತಿ ಇದೆ. ಓದುವವನು ಒಂದು ಸಾಲು ಓದಿ ನಿಲ್ಲಿಸಬೇಕು, ಪಕ್ಕದಲ್ಲಿ ಕೂತವರು ಅದರ ಅರ್ಥ ಹೇಳಬೇಕು. ಅರ್ಥ ಹೇಳುವವರು ಊರ ಜಂಗಮರಾದ ನಮ್ಮ ಐನಾರು. ಒಂದು ಸಾಲು ಕೊಟ್ಟರೆ ಅವರು ಕೈಲಾಸಕ್ಕೆ ಹೋಗಿ ತಿರುಗಿ ಬರುವಷ್ಟರಲ್ಲಿ ಕೇಳುವವರು ಒಂದು ನಿದ್ದೆ ತೆಗೆದಿರುತ್ತಿದ್ದರು.

ಆ ಬೇಸಿಗೆ ಧಾರವಾಡದ ಕಡೆಯಿಂದ ಪುಸ್ತಕಗಳ ಗಂಟೊಂದು ರೈಲಿನಲ್ಲಿ ಕೊಪ್ಪಳಕ್ಕೆ ಬಂದು, ಅಲ್ಲಿಂದ ಬಂಡಿಯಲ್ಲಿ ನಮ್ಮಲ್ಲಿಗೆ ಬಂತು. ಅದರಲ್ಲಿ ಒಂದು ಕಾದಂಬರಿಯ ರಟ್ಟನ್ನೂ ಮೊದಲ ಹಾಳೆಯನ್ನೂ ಇಲಿ ತಿಂದಿತ್ತು. ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಉಳಿದದ್ದು ಹೀಗೆ ಶುರುವಾಗುತ್ತಿತ್ತು:

"ನಾನು ಬೇರೆಯವರು ಮುರಿದ ರೊಟ್ಟಿ ತಿನ್ನುವುದಿಲ್ಲ. ಜನ ಕಣ್ಣಿನಲ್ಲಿ ಮಾತಾಡುತ್ತಾರಂತೆ, ನನಗೆ ಕೇಳಿಸುವುದಿಲ್ಲ. ನಮ್ಮೂರಲ್ಲಿ ಹದಿನಾಲ್ಕು ಬಾವಿಗಳಿವೆ. ಯಾವುದಕ್ಕೆ ಎಷ್ಟು ಮೆಟ್ಟಿಲು ಎಂದು ನನಗೆ ಗೊತ್ತು."

ನಾನು ಪುಸ್ತಕ ಮುಚ್ಚಿದೆ. ಮತ್ತೆ ತೆರೆದೆ. ಮತ್ತೆ ಅದೇ ಇತ್ತು. ಇಷ್ಟು ವರ್ಷ ನನ್ನಂಥವನು ನಾನೊಬ್ಬನೇ ಅಂದುಕೊಂಡಿದ್ದೆ. ಇನ್ನೊಬ್ಬನಿದ್ದಾನೆ, ಅವನನ್ನು ಯಾರೋ ಅಚ್ಚು ಹಾಕಿಸಿದ್ದಾರೆ! ಅಂದೇ ಕೂತಲ್ಲಿಂದ ಏಳದೆ ಕೊನೆಯವರೆಗೂ ಓದಿ ಮುಗಿಸಿದೆ. ಮುಗಿಸಿದ ಮೇಲೆ ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ಅಳುವೂ ಬಂತು.

ಶುಕ್ರವಾರ ಬಂತು. ಪದ್ಧತಿಯಂತೆ ಕಾದಂಬರಿಗೂ ವಿಭೂತಿ ಹಚ್ಚಿದರು, ಹೂ ಏರಿಸಿದರು, ಕಾಯಿ ಒಡೆದರು. ನಾನು ಮೊದಲ ನಾಲ್ಕು ಮಾತು ಓದಿ ನಿಲ್ಲಿಸಿದೆ. ಐನಾರು ಕಣ್ಣು ಮುಚ್ಚಿ ಶುರು ಮಾಡಿದರು. "ಮುರಿದ ರೊಟ್ಟಿ ಅಂದ್ರ ಏನು? ಈ ಸಂಸಾರದ ಮೋಹ! ಹದಿನಾಕು ಬಾವಿ ಅಂದ್ರ ಏನು? ಹದಿನಾಕು ಲೋಕ! ಮೆಟ್ಟಲಾ ಅಂದ್ರ..."

"ಅದು ಇದರಾಗಿಲ್ರಿ," ಅಂದೆ. "ಬಾವಿ ಅಂದ್ರ ಬಾವಿನ. ಮುಂದಿನ ಪುಟದಾಗ ಹಗ್ಗಾನೂ ಐತ್ರಿ."

ಜನ ಬಿದ್ದು ಬಿದ್ದು ನಕ್ಕರು. ಐನಾರು ಕಣ್ಣು ತೆರೆದರು. ಅವರ ಮೂವತ್ತು ವರ್ಷದ ಅರ್ಥಗಾರಿಕೆಯಲ್ಲಿ ಗ್ರಂಥದೊಳಗೆ ಏನಿದೆ ಎಂದು ಯಾರೂ ಇಣುಕಿ ನೋಡಿರಲಿಲ್ಲ.

ಸಾವಕಾರರು ಮಾತ್ರ ನಗಲಿಲ್ಲ. ಪುಸ್ತಕ ನೋಡಿದರು, ನನ್ನನ್ನು ನೋಡಿದರು. "ತಿಕ್ಕಲನ ಕೈಯಾಗ ತಿಕ್ಕಲನ ಪುರಾಣ! ಛಲೋ ಆತು. ಓದು, ಬ್ಯಾಡನ್ನೂದಿಲ್ಲ. ಆದ್ರ ಒಂದು ಕರಾರು. ಪುರಾಣದಾಗ ಕುರುಡಗ ಕಣ್ಣ ಬರತಾವ, ಕುಂಟಗ ಕಾಲ ಬರತಾವ. ಇಂವಗ ಗ್ರಂಥ ಮುಗಿಯೂ ಮಂಗಲದ ದಿನ ಬುದ್ಧಿ ಬರಬೇಕು. ಬರಲಿಲ್ಲಂದ್ರ ನೀ ಆ ಪುಸ್ತಕ ಕಟಿಗೊಂಡು ಹಾದಿ ಹಿಡಿ."

"ಇಂವಗ ಬುದ್ಧಿ ಐತಲ್ರಿ," ಅಂದೆ.

ಸಾವಕಾರರು ಆಗ ನಕ್ಕರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವ್ವ ಮಾತ್ರ ಪುಸ್ತಕಕ್ಕೆ ಎರಡೂ ಕೈ ಜೋಡಿಸಿದಳು. ನಾಲ್ಕು ತಾಲೂಕಿನ ತಾಯಿತ ಮಾಡದ್ದನ್ನು ಈ ಪುಸ್ತಕ ಮಾಡೀತು ಎಂದು ಅವಳಿಗೆ ಅನ್ನಿಸಿತ್ತು. ಕೊನೆಯಲ್ಲಿ ಏನಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಇನ್ನೊಂದು ತೊಡಕು ಮರುದಿನ ತಿಳಿಯಿತು. ಪುರಾಣದಲ್ಲಿ ಎಲ್ಲವನ್ನೂ ಮಾಡುವವನು ‘ಆತನು’. ‘ನಾನು’ ಎಂದು ಹೇಳುವ ಕಥೆಯನ್ನು ನಮ್ಮ ಜನ ಕೇಳಿಯೇ ಇರಲಿಲ್ಲ. ಊರ ಗೌಡರು ಹಾದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

"ಏನೋ ಮಾಸ್ತರ, ಯಾರನ್ನ ಕೇಳಿ ನಮ್ಮ ಬಾವಿಗೆ ಇಳದಿ? ನಿನ್ನಿ ನಿನ್ನ ಬಾಯಿಲೆ ಹೇಳಿದೆಲ್ಲ, ನಾನು ಗೌಡರ ಬಾವಿ ಇಳದೆ, ಮೂವತ್ತಾರು ಮೆಟ್ಟಲಾ ಅದಾವಂತ?"

"ಅದು ಪುಸ್ತಕದಾಗಿನ ನಾನು ರೀ. ಈ ನಾನು ಅಲ್ಲ. ಮತ್ತ ನಿಮ್ಮ ಬಾವಿಗೆ ಮೂವತ್ತಾರಲ್ಲ, ನಲವತ್ತೊಂದು ಅದಾವ."

ಗೌಡರು ಕೇಳಿದರು, "ಇಳೀಲಾರದ ನಿನಗ ಹ್ಯಾಂಗ ಗೊತ್ತಾತು?"

ಇಳಿದಿದ್ದೆ.

೩. ಹೋಗಿ ಬರುವ ಮಾತು

ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಕಥೆ ಹೇಳುವ ಆ ಹುಡುಗನ ಅಪ್ಪ "ಬರ್ತೀನಿ" ಎಂದು ಹೇಳಿ ಊರು ಬಿಟ್ಟು ಹೋಗುತ್ತಾನೆ, ಬರುವುದಿಲ್ಲ. ಮಗ ಮನೆಯ ಮುಂದಿನ ಕಟ್ಟೆಯ ಮೇಲೆ ದಿನಾ ಕಾಯುತ್ತಾನೆ. ಅಪ್ಪನಿಗೊಬ್ಬನಿಗೇ ಅಲ್ಲ, ಬಳೆಗಾರ "ಬರ್ತೀನವ್ವಾ" ಅಂದು ಹೋದರೆ ಅವನಿಗೂ ಕಾಯುತ್ತಾನೆ. ಒಂದು ಚೊಂಬು ನೀರು ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾನೆ, ಬಂದವರು ಕುಡಿಯಲೆಂದು.

ನಾನು ಓದಿ ನಿಲ್ಲಿಸಿದೆ. ಐನಾರು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡರು. ಹೆಂಗಸರ ಸಾಲಿನಿಂದ ಬಿಕ್ಕುವ ಸದ್ದು ಬಂತು. ತಾವರಗೇರಿಯಿಂದ ಮಗಳ ಬಾಣಂತನಕ್ಕೆ ಬಂದು ಉಳಿದಿದ್ದ ಅಕ್ಕನೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ನಮ್ಮಣ್ಣ ಹಿಂಗ ಇದ್ದ ನೋಡ್ರಿ," ಅಂದಳು. "ನಾ ಲಗ್ನಾಗಿ ಹೊಂಟಾಗ ಬರ್ತೀನೋ ಅಣ್ಣಾ ಅಂದೆ. ನಾ ತಿರುಗಿ ತವರಿಗೆ ಹೋಗೂಮಟ ಆಂವ ಊರ ಅಗಸಿ ಬಾಗಲ ಕಟ್ಟಿ ಬಿಟ್ಟು ಏಳಲಿಲ್ಲಂತ. ಊರೆಲ್ಲಾ ಹುಚ್ಚ ಅಂದ್ರು. ನಾನೂ ಅಂದೆ. ನಾ ಕೊಟ್ಟ ಮಾತು ಆಂವ ಹಿಡಕೊಂಡು ಕುಂತಿದ್ದ, ಹುಚ್ಚಿ ನಾನು."

ಆ ದಿನ ಯಾರೂ ಮುಂದೆ ಓದು ಅನ್ನಲಿಲ್ಲ. ತೊಡಕು ಬಂದದ್ದು ಏಳುವಾಗ. ಬರ್ತೀನಿ ಅನ್ನಲು ಒಬ್ಬರಿಗೂ ಧೈರ್ಯವಿಲ್ಲ. ಅಂದರೆ ಬರಬೇಕಲ್ಲ! ಜನ ಹೊಸ್ತಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ಜಾರಿಕೊಂಡರು.

ಮರುದಿನ ಸಾವಕಾರರು ಗಂಗಾವತಿಗೆ ಹೊರಟವರು ಮನೆಯಲ್ಲಿ ಹೆಂಡತಿಗೆ "ಹೋಗ್ತೀನಿ" ಅಂದುಬಿಟ್ಟರಂತೆ. ನಮ್ಮಲ್ಲಿ ಬದುಕಿದ್ದವರು ಯಾರೂ ಹಾಗೆ ಅನ್ನುವುದಿಲ್ಲ. ಸಾವಕಾರ್ತಿ ಹಣೆ ಹಣೆ ಬಡಿದುಕೊಂಡು, ಬಂಡಿಯಲ್ಲಿದ್ದವರನ್ನು ಧೋತರ ಹಿಡಿದು ಇಳಿಸಿ, ಒಳಗೆ ಕೂಡಿಸಿ, ನೀರು ಕುಡಿಸಿ, "ಬರ್ತೀನಿ ಅನ್ರಿ!" ಎಂದು ಗದರಿದರಂತೆ.

ಸಾವಕಾರರು ಮತ್ತೆ ಹೊರಗೆ ಬಂದು ಓಣಿಯ ಆಚೆ ಈಚೆ ನೋಡಿದರು. ನಾನು ಎದುರು ಕಟ್ಟೆಯ ಮೇಲೆ ಕೂತಿದ್ದೆ. ದನಿ ತಗ್ಗಿಸಿ ಅಂದರು, "ನಾಕ ದಿನದಾಗ, ಎತ್ತು ಕುಂಟಲಿಲ್ಲಂದ್ರ, ಅಕ್ಕಿ ವ್ಯಾಪಾರ ಮುಗದ್ರ, ಬರ್ತೀನಿ."

ಅವರು ಬಂದದ್ದು ಐದನೆಯ ದಿನ. ಮನೆಗೂ ಹೋಗದೆ, ಅದೇ ಕಟ್ಟೆಯ ಮೇಲೆ ಕೂತಿದ್ದ ನನ್ನ ಮುಂದೆ ಬಂಡಿ ನಿಲ್ಲಿಸಿ ಹೇಳಿದರು, "ಎತ್ತು ಕುಂಟಿತೋ ತಮ್ಮಾ. ಬೇಕಾದ್ರ ಕಾಲ ನೋಡು."

ನಾನು ಇಳಿದು ನೋಡಿದೆ. ಕುಂಟಿತ್ತು.

೪. ಅಮೀನ ಸಾಹೇಬರ ಮೀಸೆ

ಆಗ ನಾಲ್ಕು ಜನ ಒಂದು ಕಡೆ ಸೇರಬೇಕಾದರೂ ಸರ್ಕಾರದ ಇಜಾಜತ್, ಅಂದರೆ ಪರವಾನಗಿ, ಬೇಕು. ವಾರವಾರವೂ ವಾಚನಾಲಯದಲ್ಲಿ ಜನ ಕೂಡುತ್ತಾರೆ, ಒಳಗೆ ಅಳುತ್ತಾರೆ, ಹೊರಗೆ ಬರುವಾಗ ಒಬ್ಬರಿಗೊಬ್ಬರು ಏನೂ ಹೇಳದೆ ಹೋಗುತ್ತಾರೆ ಎಂಬ ಸುದ್ದಿ ಠಾಣೆಗೆ ಮುಟ್ಟಿತು. ಠಾಣೆಯವರಿಗೆ ಅದು ಪಿತೂರಿಯ ಲಕ್ಷಣವಾಗಿ ಕಂಡಿರಬೇಕು. ಒಂದು ಶುಕ್ರವಾರ ಅಮೀನ ಸಾಹೇಬರೇ ಬಂದರು. ಅಮೀನರೆಂದರೆ ಆಗಿನ ಠಾಣೆಯ ಯಜಮಾನರು. ಸಾವಕಾರರು ಕುರ್ಚಿ ತರಿಸಿ ಧೂಳು ಒರೆಸಿ ಕೂಡಿಸಿದರು.

"ಈ ಕಿತಾಬಿನಾಗ ಸರ್ಕಾರದ ಖಿಲಾಫ್, ಅಂದ್ರ ವಿರುದ್ಧ, ಏನಾರ ಐತೇನು?" ಅಮೀನರು ನನ್ನನ್ನು ಕೇಳಿದರು.

ಅವರ ಬೆನ್ನ ಹಿಂದೆ ನಿಂತ ಸಾವಕಾರರ ಕಣ್ಣು ವಿಪರೀತ ಮಿಟುಕತೊಡಗಿತು. ಗೋದಾಮಿನ ಹತ್ತಿಯ ಧೂಳು ಬಿದ್ದಿರಬೇಕು ಅಂದುಕೊಂಡೆ.

"ಐತ್ರಿ," ಅಂದೆ.

ಸಾವಕಾರರು ಗೋಡೆ ಹಿಡಿದುಕೊಂಡರು. ಐನಾರು ‘ಶಿವ ಶಿವಾ’ ಅಂದರು.

"ನಲವತ್ತೊಂದನೇ ಪುಟ," ನಾನು ತೆರೆದು ಓದಿದೆ. "‘ಊರ ಕಚೇರಿಯ ಗಡಿಯಾರ ಏಳು ನಿಮಿಷ ಹಿಂದೆ ನಡೆಯುತ್ತದೆ. ನಾನು ದಿನಾ ಹೋಗಿ ಹೇಳುತ್ತೇನೆ. ಸರ್ಕಾರ ದೊಡ್ಡದು, ಏಳು ನಿಮಿಷ ಅದಕ್ಕೆ ಲೆಕ್ಕವಿಲ್ಲ ಅನ್ನುತ್ತಾರೆ. ಸೂರ್ಯ ಸರ್ಕಾರಕ್ಕಿಂತ ದೊಡ್ಡವನು, ಆದರೆ ಹೊತ್ತಿಗೆ ಸರಿಯಾಗಿ ಬರುತ್ತಾನೆ.’"

ಅಮೀನರ ಹುಬ್ಬು ಮೇಲೇರಿತು. "ಮತ್ತ?"

"ಅರವತ್ತೇಳನೇ ಪುಟದಾಗ ಪೊಲೀಸರದೂ ಐತ್ರಿ. ‘ಪೊಲೀಸಪ್ಪ ನನ್ನನ್ನು ಬಹಳ ಹೊತ್ತು ಬೈದ. ನನಗೆ ಒಂದು ಮಾತೂ ನೆನಪಿಲ್ಲ. ಅವನ ಮೀಸೆ ಎಡಕ್ಕೆ ಗಿಡ್ಡ, ಬಲಕ್ಕೆ ಉದ್ದ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.’"

ಕೋಣೆಯಲ್ಲಿದ್ದ ಅರವತ್ತು ಕಣ್ಣುಗಳು ಅಮೀನ ಸಾಹೇಬರ ಮೀಸೆಯ ಮೇಲೆ ಹೋಗಿ ಕೂತವು. ಅವರ ಕೈ ತಾನಾಗಿಯೇ ಮೇಲೆ ಹೋಯಿತು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.

ನನಗೆ ಸುಮ್ಮನಿರಲು ಆಗಲಿಲ್ಲ. "ನಿಮ್ಮದು ಬಲಕ್ಕ ಗಿಡ್ಡ ಐತ್ರಿ. ಪುಸ್ತಕದಾಗಿನಾಂವ ಬ್ಯಾರೆ," ಅಂದೆ. ಅವರಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು.

ಅಮೀನರ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಕೊನೆಗೆ ಕುರ್ಚಿಯೇ ಕುಲುಕಿತು. ಕಣ್ಣೀರು ಒರೆಸಿಕೊಂಡು, "ಶುರೂದಿಂದ ಓದಪಾ. ನನಗೂ ಕೇಳಬೇಕಾಗೇತಿ," ಅಂದರು.

ಅಂದಿನಿಂದ ಅವರು ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಮುಂದಿನ ವಾರ ಬಂದಾಗ ಮೀಸೆ ಎರಡೂ ಕಡೆ ಸಮ ಇತ್ತು. ಕೂರುವ ಮೊದಲು ನನ್ನ ಮುಂದೆ ನಿಂತು ಮುಖ ಆಚೆ ಈಚೆ ತಿರುಗಿಸಿದರು. ನಾನು ನೋಡಿ ಹೂಂ ಅಂದ ಮೇಲೆ ಕೂತರು.

೫. ಅಕ್ಷತೆ

ಪುರಾಣದಲ್ಲಿ ಕಲ್ಯಾಣದ ಅಧ್ಯಾಯ ಬಂದ ದಿನ ಕೇಳುವವರು ಬರಿಗೈಯಲ್ಲಿ ಬರುವುದಿಲ್ಲ. ಅಕ್ಷತೆ ತರುತ್ತಾರೆ, ಮದುಮಗಳಿಗೆ ಕುಪ್ಪಸದ ಖಣ ತರುತ್ತಾರೆ, ತಾಳಿಯ ಸಾಲು ಓದಿದ ಕೂಡಲೇ ಗ್ರಂಥದ ಮೇಲೆ ಅಕ್ಕಿಕಾಳು ಹಾಕುತ್ತಾರೆ. ‘ಮುಂದಿನ ವಾರ ನನ್ನ ತಂಗಿಯ ಮದುವೆ’ ಎಂಬ ಸಾಲಿಗೆ ನಾನು ಆ ವಾರದ ಓದು ನಿಲ್ಲಿಸಿದ್ದೇ ತಪ್ಪಾಯಿತು. ಅದು ಪುಸ್ತಕದ ‘ನಾನು’ ಎಂದು ಅರ್ಧ ಜನಕ್ಕೆ ಅಷ್ಟೊತ್ತಿಗೆ ತಿಳಿದಿತ್ತು. ಉಳಿದರ್ಧ ಜನ ಅವ್ವನನ್ನು ತರಾಟೆಗೆ ತೆಗೆದುಕೊಂಡರು.

"ಮಗಳ ಲಗ್ನ ಇಟಗೊಂಡು ಒಂದು ಮಾತು ಹೇಳಬಾರದೇನವ್ವಾ?"

"ನನಗ ಮಗಳ ಇಲ್ಲಲ್ಲವ್ವಾ," ಅಂದಳು ಅವ್ವ.

"ಮಾತು ಮುಚ್ಚಬ್ಯಾಡ. ನಿನ್ನ ಮಗಾನ ಹೇಳ್ಯಾನ, ಆಂವ ಸುಳ್ಳ ಹೇಳೂದಿಲ್ಲ."

ಶುಕ್ರವಾರದ ಹೊತ್ತಿಗೆ ಇಲ್ಲದ ಮಗಳಿಗೆ ಏಳು ಖಣ ಬಂದಿದ್ದವು.

ಅಂದು ಕೋಣೆ ತುಂಬಿ ಜನ ಹೊರಗೂ ನಿಂತಿದ್ದರು. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ನಾನು ಓದಿದೆ. "ಡೊಳ್ಳಿನವರು ಬಂದರು. ನನ್ನ ಕಿವಿಯೊಳಗೆ ಕಲ್ಲು ಕುಟ್ಟಿದಂತಾಯಿತು. ನಾನು ನೆಲದೊಳಗೆ ಜೋಳ ತುಂಬುವ ಖಾಲಿ ಹಗೇವಿಗೆ ಇಳಿದು ಕೂತೆ. ಒಳಗೆ ತಂಪಾಗಿತ್ತು. ಹಳೆಯ ಜೋಳದ ವಾಸನೆ ಇತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಮೇಲೆ ಬಂದಾಗ ತಂಗಿ ಗಂಡನ ಊರಿಗೆ ಹೋಗಿಯಾಗಿತ್ತು. ಅಧ್ಯಾಯ ಏಳು."

"ತಡಿ ತಡಿ," ತಾವರಗೇರಿ ಅಕ್ಕ ಎದ್ದು ನಿಂತಳು. "ತಾಳಿ ಕಟ್ಟಿದ್ದೆಲ್ಲಿ?"

"ಅದು ಇದರಾಗಿಲ್ರಿ. ಆಂವ ಹಗೇವಿನ್ಯಾಗ ಇದ್ದ. ನೋಡಲಾರದ್ದನ್ನ ಹ್ಯಾಂಗ ಹೇಳ್ತಾನ?"

"ಆಂವ ಕೆಳಗಿದ್ರ ನೀ ಮ್ಯಾಲ ಇದ್ದೆಲ್ಲ! ನೀ ಹೇಳು!"

ಬಾಗಿಲ ಹೊರಗೆ ನಿಂತವರು "ಯಾವಾಗ ಹಾಕೂದ್ರಿ?" ಎಂದು ಕೂಗತೊಡಗಿದರು. ಐನಾರು ಇದೇ ಸಮಯವೆಂದು ಕಣ್ಣು ಮುಚ್ಚಿ ತಾವೇ ಮಂಗಲಾಷ್ಟಕ ಶುರು ಮಾಡಿದರು. ನಾನು ಪುಸ್ತಕ ಎತ್ತಿ ಹಿಡಿದು ಅವರಿಗಿಂತ ದೊಡ್ಡ ದನಿಯಲ್ಲಿ, "ಅದೂ ಇದರಾಗಿಲ್ರಿ!" ಅಂದೆ.

ಅಕ್ಷತೆ ಬಿತ್ತು. ಗ್ರಂಥದ ಮೇಲೆ ಅಲ್ಲ, ನನ್ನ ಮೇಲೆ. ಕೈ ಬೀಸಿ ಹೊಡೆದರೆ ಅಕ್ಕಿಕಾಳೂ ಚುಚ್ಚುತ್ತದೆ ಎಂದು ಅಂದು ತಿಳಿಯಿತು. ಹೆಣ್ಣಿಲ್ಲದೆ, ಲಗ್ನವಿಲ್ಲದೆ, ಅರವತ್ತು ಜನರ ಕೈಯಿಂದ ಅಕ್ಷತೆ ಹಾಕಿಸಿಕೊಂಡವನು ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಮನೆಗೆ ಬಂದ ಮೇಲೆ ಅವ್ವ ನನ್ನ ಹೆಗಲಿನಿಂದ, ಕಾಲರಿನಿಂದ ಒಂದೊಂದೇ ಕಾಳು ಆರಿಸಿದಳು. ತಲೆಯ ಮೇಲಿನವನ್ನು ಬಿಟ್ಟಳು. ಅವನ್ನು ನಾನೇ ಕೊಡವಿಕೊಂಡೆ.

"ಹ್ಯಾಂಗಾರ ಆಗಲಿ, ನಿನ್ನ ಮ್ಯಾಲ ಅಕ್ಕಿಕಾಳು ಬಿದ್ದದ್ದು ನೋಡಿದೆ," ಅಂದಳು. ಆರಿಸಿದ ಕಾಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಕೇಳಿದಳು, "ಕಡೀಕ ಆಂವ ಆರಾಮ ಆಗ್ತಾನಲ್ಲೋ?"

"ಆಂವಗ ಜಡ್ಡ ಐತಿ ಅಂತ ಯಾರು ಹೇಳಿದ್ರು?" ಅಂದೆ.

ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಸಿದಳು. ಇಡೀ ರೊಟ್ಟಿ, ಅಂಚೂ ಒಡೆದಿರಲಿಲ್ಲ.

೬. ಮಂಗಲ

ಗ್ರಂಥ ಮುಗಿಯುವ ದಿನ ಮಂಗಲ. ಅಂದು ಸಾವಕಾರರು ಗೋದಿ ಹುಗ್ಗಿ ಮಾಡಿಸಿದ್ದರು. ದೊಡ್ಡ ಕೊಪ್ಪರಿಗೆ ಬಾಗಿಲ ಬಳಿ ಇತ್ತು, ಬೆಲ್ಲ ತುಪ್ಪದ ವಾಸನೆ ಓಣಿ ತುಂಬಿತ್ತು. ಜನ ಮುತ್ತಲ ಎಲೆ ಹಿಡಿದುಕೊಂಡೇ ಬಂದಿದ್ದರು. ಪದ್ಧತಿ ಏನೆಂದರೆ ಕೊನೆಯ ಸಾಲು ಓದಬೇಕು, ಈ ಗ್ರಂಥ ಕೇಳಿದವರಿಗೆ ಇಂಥ ಫಲ ಎಂದು ಐನಾರು ಹೇಳಬೇಕು, ಆರತಿ ಆಗಬೇಕು. ಅಲ್ಲಿಯವರೆಗೆ ಕೊಪ್ಪರಿಗೆಯ ಮುಚ್ಚಳ ತೆಗೆಯುವಂತಿಲ್ಲ.

ನಾನು ಕೊನೆಯ ಪುಟ ಓದಿದೆ.

"ಇವತ್ತು ಕಟ್ಟೆಯ ಮೇಲೆ ಕೂತಾಗ ಮಂದಿ ನಕ್ಕರು. ನಿಮ್ಮಪ್ಪ ಬರುವುದಿಲ್ಲ, ಏಳೋ ಅಂದರು. ಬರ್ತೀನಿ ಅಂದಿದ್ದಾನೆ ಅಂದೆ. ಆಗ ಅವ್ವ ಹೊರಗೆ ಬಂದಳು. ಏಳು ಅನ್ನುತ್ತಾಳೆ ಅಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕೂತಳು. ನೀರಿನ ಚೊಂಬು ಇಬ್ಬರ ನಡುವೆ ಇಟ್ಟಳು. ಏನೂ ಹೇಳಲಿಲ್ಲ. ಈಗ ಕಾಯುವವರು ಇಬ್ಬರು. ಇಷ್ಟೇ."

ಪುಸ್ತಕ ಮುಚ್ಚಿದೆ. ಕೊಪ್ಪರಿಗೆಯ ಮುಚ್ಚಳದ ಸಂದಿಯಿಂದ ಉಗಿ ಬರುತ್ತಿತ್ತು.

"ಮುಂದ?" ಅಂದರು ಸಾವಕಾರರು.

"ಇಷ್ಟ ರೀ."

"ಬುದ್ಧಿ ಬಂದದ್ದೆಲ್ಲಿ?"

"ಅದು ಇದರಾಗಿಲ್ರಿ."

"ಇರಲಿಲ್ಲಂದ್ರ ಸೇರಿಸಿ ಓದು. ಒಂದ ಸಾಲು. ಆಂವಗ ಬುದ್ಧಿ ಬಂತು ಅಂತ ಅನ್ನು, ಸಾಕು. ಜನ ಹಸಿದು ಕುಂತಾರ."

"ನಾ ಅನ್ನೂದಿಲ್ರಿ."

ಅನ್ನಬಹುದಿತ್ತು. ಒಂದು ಸಾಲಿಗೆ ನನ್ನ ಕೆಲಸ ಉಳಿಯುತ್ತಿತ್ತು, ಜನರ ಹೊಟ್ಟೆ ತುಂಬುತ್ತಿತ್ತು, ಅವ್ವನ ಆಸೆಯೂ ತೀರುತ್ತಿತ್ತು. ಆದರೆ ಅವನು ಇಡೀ ಪುಸ್ತಕದಲ್ಲಿ ಒಂದು ಸುಳ್ಳೂ ಹೇಳಿರಲಿಲ್ಲ. ಅವನ ಬಾಯಲ್ಲಿ ನಾನೊಂದು ಇಡುವುದೇ? ಅದೂ ಅವನ ಮೇಲೇ? ಪುಸ್ತಕವನ್ನು ಎದೆಗೆ ಅವಚಿಕೊಂಡು ಕೂತೆ. ಹಿಂದಿನ ಸಾಲಿನಲ್ಲಿ ಯಾರೋ ಮುತ್ತಲ ಎಲೆಯಿಂದ ಗಾಳಿ ಹಾಕಿಕೊಳ್ಳುತ್ತ, "ಹುಗ್ಗಿ ಆರತೈತ್ರಿ," ಅಂದರು.

"ನೀ ಓದದಿದ್ರ ನಾ ಹೇಳ್ತೀನಿ," ಸಾವಕಾರರು ಎದ್ದು ನಿಂತು ಜನರ ಕಡೆ ತಿರುಗಿದರು. "ಕೇಳ್ರಿ ಎಲ್ಲಾರೂ. ಆಮ್ಯಾಲೆ ಆ ಹುಡುಗಗ ಬುದ್ಧಿ ತಿಳಿ ಆತು. ಆಂವ ಕಟ್ಟಿ ಬಿಟ್ಟು ಎದ್ದ, ಎಲ್ಲಾರಂಗ ಆದ..."

"ಅದು ಇದರಾಗಿಲ್ರಿ, ಸಾವಕಾರ್ರ."

ದನಿ ನನ್ನದಲ್ಲ. ಹೆಂಗಸರ ಸಾಲಿನಲ್ಲಿ ಅವ್ವ ಎದ್ದು ನಿಂತಿದ್ದಳು. ಗಂಡಸರ ಮುಂದೆ ಅವಳು ಬಾಯಿ ತೆರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನಾನೂ ಕೇಳೀನಿ. ಅವ್ವ ಬಂದು ಕುಂತಳು ಅಂತ ಐತಿ. ಎಬ್ಬಿಸಿದಳು ಅಂತಿಲ್ಲ," ಅಂದಳು. ಅಷ್ಟು ಹೇಳಿ, ಹೆಂಗಸರ ಸಾಲು ದಾಟಿ ಬಂದು, ನನ್ನ ಪಕ್ಕ ನೆಲದ ಮೇಲೆ ಕೂತಳು. ನನ್ನನ್ನು ಮುಟ್ಟಲಿಲ್ಲ. ಸುಮ್ಮನೆ ಕೂತಳು.

ನನಗೆ ಕಣ್ಣು ಮಂಜಾಯಿತು. ಯಾರು ಏನು ಅಂದರೋ ಸರಿಯಾಗಿ ಕಾಣಲಿಲ್ಲ, ಕೇಳಿಸಿತು.

"ಇಲ್ಲ, ಇದರಾಗಿಲ್ಲ!" ಅದು ತಾವರಗೇರಿ ಅಕ್ಕ.

"ನಾನ್ ಖುದ್ ಕೇಳೀನಿ. ಇದರಾಗಿಲ್ಲ," ಅದು ಅಮೀನ ಸಾಹೇಬರು. ಸರ್ಕಾರವೇ ಇಲ್ಲ ಅಂದ ಮೇಲೆ ಉಳಿದವರಿಗೆ ಧೈರ್ಯ ಬಂತು. ಕೋಣೆಯ ಒಳಗೂ ಹೊರಗೂ ಒಂದೇ ಕೂಗು: "ಅದು ಇದರಾಗಿಲ್ರಿ!"

ಸಾವಕಾರರು ಕೂತರು. ನಾನು ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟತೊಡಗಿದೆ.

"ಎಲ್ಲಿ ಹೊಂಟಿ?" ಅಂದರು.

"ಕರಾರು ಐತಲ್ರಿ. ಬುದ್ಧಿ ಬರಲಿಲ್ಲಂದ್ರ ಹಾದಿ ಹಿಡಿ ಅಂದಿದ್ರಿ."

ಸಾವಕಾರರು ಜನರನ್ನು ನೋಡಿದರು. ಎಲೆ ಹಿಡಿದ ಅರವತ್ತು ಮಂದಿ ಅವರನ್ನೇ ನೋಡುತ್ತಿದ್ದರು. ಅವರು ಗದ್ದ ಕೆರೆದುಕೊಂಡು, "ಆ ಕರಾರು ಇದರಾಗ ಬರದೈತೇನು?" ಎಂದು ಪುಸ್ತಕ ತೋರಿಸಿದರು.

"ಇಲ್ರಿ."

"ಇಲ್ಲಲ್ಲ? ಹಂಗಾರ ಕುಂದ್ರು."

ಕೂತೆ. ಆದರೂ ಫಲ ಹೇಳದೆ ಆರತಿ ಇಲ್ಲ, ಆರತಿ ಇಲ್ಲದೆ ಹುಗ್ಗಿ ಇಲ್ಲ. ಎಲ್ಲರೂ ಐನಾರ ಕಡೆ ತಿರುಗಿದರು. ಮೂವತ್ತು ವರ್ಷ ಗ್ರಂಥದಲ್ಲಿ ಇಲ್ಲದ್ದನ್ನೇ ಹೇಳುತ್ತ ಬಂದ ಐನಾರು ಅಂದು ಮೊದಲ ಸಲ ಕಣ್ಣು ಮುಚ್ಚಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಈ ಗ್ರಂಥಾ ಭಕ್ತಿಲೆ ಕೇಳಿದವ್ರಿಗೆ ಹೊಟ್ಟಿ ತುಂಬ ಗೋದಿ ಹುಗ್ಗಿ ಸಿಗತೈತಿ," ಅಂದರು.

ಇಡೀ ಕೋಣೆ ನನ್ನ ಮುಖ ನೋಡಿತು. ನಾನು ಬಾಯಿ ತೆರೆದೆ. ಐನಾರು ಕೈ ಎತ್ತಿ ತಡೆದರು.

"ಗೊತ್ತೈತೋ ತಮ್ಮಾ. ಅದು ಇದರಾಗಿಲ್ಲ. ಆ ಕೊಪ್ಪರಿಗ್ಯಾಗ ಐತಿ."

ನಾನು ಎದ್ದು ಬಾಗಿಲ ಬಳಿ ಹೋಗಿ ಮುಚ್ಚಳ ಸರಿಸಿ ಇಣುಕಿ ನೋಡಿದೆ.

"ಐತ್ರಿ," ಅಂದೆ.